ಹೆಜ್ಜಾರ್ಲೆ ಗಾಡಿಯ ಫೋಟೋ

ಫೋಟೋ ಹೊರಗೆ ಬಿದ್ದದ್ದು ಸೋಮವಾರ ಬೆಳಿಗ್ಗೆ. ಅದೇ ಮಧ್ಯಾಹ್ನ ಮೇಧಾಳ ಆಫೀಸ್ ಬ್ಯಾಡ್ಜ್ ಕಿತ್ತುಕೊಂಡು ಮನೆಗೆ ಕಳಿಸಿದರು. ಸಂಜೆ ನನಗೆ ಫೋನ್ ಮಾಡಿದಾಗ ಅವಳು ಅಳುತ್ತಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

"ಜಯಾ ಆಂಟಿ, ಶುಕ್ರವಾರದ ತನಕ ಟೈಮ್ ಕೊಟ್ಟಿದ್ದಾರೆ. ನಾನಲ್ಲ ಅಂತ ತೋರಿಸ್ಬೇಕಂತೆ. ಇಲ್ಲಾಂದ್ರೆ ಕೆಲಸದಿಂದ ತೆಗೀತಾರೆ."

ಅಮೆರಿಕದಲ್ಲಿ ಕೆಲಸ ಹೋದರೆ ವೀಸಾ ಹೋದ ಹಾಗೆ. ಅರವತ್ತು ದಿನದೊಳಗೆ ಇನ್ನೊಂದು ಕೆಲಸ ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಕಂಪನಿಯ ಗುಟ್ಟು ಮಾರಿದವಳು ಎಂಬ ಹೆಸರು ಹೊತ್ತವಳಿಗೆ ಕೆಲಸ ಕೊಡುವವರು ಯಾರು?

ಮೇಧಾ ಎಂ.ಎಸ್. ಓದುವಾಗ ವಾಲ್‌ನಟ್ ಊರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿ. ಈಗ ಚಾಟ್ಸ್‌ವರ್ತ್‌ನ ಒಂದು ಸಣ್ಣ ಕಾರ್ಖಾನೆಯಲ್ಲಿ ಎಂಜಿನಿಯರ್. ಅಲ್ಲಿ ರೋಲರ್ ಕೋಸ್ಟರ್‌ಗಳ ಗಾಡಿ ತಯಾರಿಸುತ್ತಾರೆ. ಸ್ಯಾನ್ ಡಿಯೇಗೋದ ಪೆಲಿಕನ್ ಕೋವ್ ಎಂಬ ಮನರಂಜನಾ ಪಾರ್ಕಿಗೆ ಹೊಸ ಕೋಸ್ಟರ್ ಬರುತ್ತದೆಂದು ಅಭಿಮಾನಿಗಳು ಒಂದು ವರ್ಷದಿಂದ ನಿದ್ದೆಗೆಟ್ಟಿದ್ದರು. ಮರದ್ದೋ, ಉಕ್ಕಿನದೋ? ತಲೆಕೆಳಗಾಗುತ್ತದೋ, ಇಲ್ಲವೋ? ಇಂಟರ್ನೆಟ್ಟಿನಲ್ಲಿ ಅವರದೇ ಒಂದು ಹರಟೆಕಟ್ಟೆ. ಬೇಲಿಯಾಚೆ ಒಂದು ಗುಂಡಿ ತೋಡಿದರೂ ಅಲ್ಲಿ ನೂರು ಊಹೆ. ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದನಂತೆ ಎಂದು ನಾನು ನಗುತ್ತಿದ್ದೆ. ಆಮೇಲೆ ನಗಲಿಲ್ಲ.

ಪಾರ್ಕಿನವರು ತುಟಿ ಬಿಚ್ಚಿರಲಿಲ್ಲ. ಈಗ 'ಸಿಂಗಲ್ ರೈಡರ್' ಎಂಬ ಹೆಸರಿನವರು ಯಾರೋ ಆ ಕಟ್ಟೆಯಲ್ಲಿ, ಅದಕ್ಕೆಂದು ಮೇಧಾಳ ಕಾರ್ಖಾನೆ ಮಾಡಿದ ಗಾಡಿಯ ಫೋಟೋ ಹಾಕಿ, ಸ್ವಲ್ಪ ಹೊತ್ತಿನಲ್ಲೇ ಅಳಿಸಿದ್ದರು. ಅಳಿಸಿ ಏನು ಪ್ರಯೋಜನ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಷ್ಟರಲ್ಲಿ ಅದು ಊರೆಲ್ಲ ಸುತ್ತಿ ಬಂದಿತ್ತು.

ನಾನು ನೇರ ಎದುರುಮನೆಯ ಇಂದಿರಕ್ಕನ ಬಾಗಿಲು ತಟ್ಟಿದೆ. ಇಂದಿರಕ್ಕ ಇನ್ಶೂರೆನ್ಸ್ ಕಂಪನಿಯಲ್ಲಿ ಅಪಘಾತದ ಫೋಟೋಗಳನ್ನು ನೋಡಿ ನಿಜ ಯಾವುದು, ಸುಳ್ಳು ಯಾವುದು ಎಂದು ಹೇಳುವ ಕೆಲಸ ಮಾಡಿ ನಿವೃತ್ತರಾದವರು. ಅವರಿಗೆ ಫ್ರೀವೇಯಲ್ಲಿ ಕಾರು ಓಡಿಸುವುದೆಂದರೆ ಭಯ. ನನಗೆ ಮನೆಯಲ್ಲಿ ಒಬ್ಬಳೇ ಕೂರುವುದೆಂದರೆ ಭಯ. ಹಾಗಾಗಿ ಅವರು ಪತ್ತೇದಾರರು, ನಾನು ಅವರ ಡ್ರೈವರ್.

ಬುಧವಾರ ಚಾಟ್ಸ್‌ವರ್ತ್‌ಗೆ ಹೋದೆವು. ಮೇಧಾಳ ಅಪಾರ್ಟ್‌ಮೆಂಟಿನಲ್ಲಿ ಒಂದು ಸೋಫಾ, ಒಂದು ತಟ್ಟೆ, ಒಂದು ಲೋಟ. ನಮಗೆ ಕಾಫಿ ಕೊಡಲು ಲೋಟ ಸಾಲದೆ ನನಗೆ ಬಟ್ಟಲಿನಲ್ಲಿ ಕೊಟ್ಟು ಅವಳು ಅಳತೆಯ ಕಪ್ಪಿನಲ್ಲಿ ಕುಡಿದಳು.

"ಫೋಟೋ ತೋರಿಸು," ಎಂದರು ಇಂದಿರಕ್ಕ.

ತೋರಿಸಿದಳು. ಇನ್ನೂ ಬಣ್ಣ ಬಳಿಯದ, ಅಕ್ಷರ ಬರೆಯದ ಬಿಳಿ ಗಾಡಿ. ಮುಂದೆ ಉದ್ದ ಕೊಕ್ಕು, ಕೊಕ್ಕಿನ ಕೆಳಗೆ ಜೋಲುವ ಚೀಲ: ಸಾಕ್ಷಾತ್ ಹೆಜ್ಜಾರ್ಲೆ, ಪಾರ್ಕಿನ ಹೆಸರಿನಲ್ಲಿರುವ ಪೆಲಿಕನ್ ಹಕ್ಕಿ. ಹಣೆಗೆ ಕುಂಕುಮ. ಗಾಲಿಯ ಕೆಳಗೆ ನಿಂಬೆಹಣ್ಣು. ಅಂಚಿನಲ್ಲಿ ಹಸಿರು ಬಳೆ ತೊಟ್ಟ ಒಂದು ಎಡಗೈ, ಕೈಯಲ್ಲಿ ಆರತಿ ತಟ್ಟೆ. ಮುಖ ಯಾರದೂ ಇಲ್ಲ.

"ಆಯುಧ ಪೂಜೇಲಿ ತೆಗೆದಿದ್ದಾ?"

"ಹೌದು ಆಂಟಿ. ಅವತ್ತು ಮೊದಲನೇ ಗಾಡಿ ಹಳಿ ಮೇಲೆ ಇಳಿಸೋದಿತ್ತು. ಮ್ಯಾನೇಜರ್‌ನ ಕೇಳ್ಕೊಂಡೆ, ಖುಷಿಯಿಂದ ಒಪ್ಪಿದ್ರು. ಪೂಜೆ ಮಾಡ್ಸೋಕೆ ಸ್ಯಾನ್ ಡಿಯೇಗೋ ಪಕ್ಕದ ಡೆಲ್ ಮಾರ್‌ನಿಂದ ಚಿಕ್ಕಪ್ಪ ಬಂದಿದ್ರು. ಆ ಬಳೆ ನಂದು. ಅದನ್ನ ನೋಡೇ ನನ್ನನ್ನ ಹಿಡ್ಕೊಂಡಿದ್ದು."

"ಆರತಿ ಎತ್ತೋಳು ಫೋಟೋ ತೆಗೆಯೋದು ಹೇಗೆ?"

"ನನ್ನ ಫೋನಲ್ಲಿ ಬೇರೆ ಯಾರ ಕೈಲೋ ತೆಗೆಸಿದೀನಿ ಅಂತಾರೆ. ಒಳಗೆ ಹೋಗೋರ ಫೋನ್ ಕ್ಯಾಮೆರಾಗೆಲ್ಲ ಗೇಟಲ್ಲೇ ಸ್ಟಿಕರ್ ಅಂಟಿಸ್ತಾರೆ. ಅವತ್ತು ಒಂದು ಗ್ರೂಪ್ ಫೋಟೋಗೆ ಅಂತ ನನ್ನ ಫೋನಿಗೆ ಮಾತ್ರ ಅಂಟಿಸದೆ ಬಿಟ್ಟಿದ್ರು. ಅದನ್ನ ತೆಗೆದಿದ್ದು ಗಗನ್, ನನ್ನ ಜೊತೆ ಕೆಲಸ ಮಾಡ್ತಾನೆ. ನೋಡಿ, ಅದು ಇದು."

ಆ ಫೋಟೋದಲ್ಲಿ ಮೇಧಾ ಆರತಿ ಎತ್ತುತ್ತಿದ್ದಳು. ಕಾರ್ಖಾನೆಯ ಅಮೆರಿಕನ್ನರು ಪಾಪ, ಚರ್ಚಿನಲ್ಲಿ ನಿಂತವರ ಹಾಗೆ ಕೈಕಟ್ಟಿ ಗಾಡಿಯನ್ನೇ ನೋಡುತ್ತಿದ್ದರು. ತುದಿಯಲ್ಲಿ ಶಲ್ಯ ಹೊದ್ದ ಬಾಲಕೃಷ್ಣ, ಅವಳ ಚಿಕ್ಕಪ್ಪ, ನಮ್ಮ ಕಡೆ ತಿರುಗಿ ನಗುತ್ತಿದ್ದರು. ಅವರ ಒಂದು ತೋಳು ಫೋಟೋದ ಹೊರಗೆ ಹೋಗಿತ್ತು. ಅಷ್ಟು ಜನರಲ್ಲಿ ಸಂತೋಷವಾಗಿ ಕಂಡವರು ಅವರೊಬ್ಬರೇ.

ಇಂದಿರಕ್ಕ ಎರಡೂ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಪೂಜೆ ಆಗಿ ಮೂರು ವಾರ ಸುಮ್ನಿದ್ದ ಫೋಟೋ ಈ ಸೋಮವಾರ ಯಾಕೆ ಹೊರಗೆ ಬಂತು? ಭಾನುವಾರ ಏನಾಯ್ತು?"

"ಏನಿಲ್ಲ ಆಂಟಿ. ದೀಪಾವಳಿ ಇತ್ತು. ಚಿಕ್ಕಪ್ಪನ ಮನೆಗೆ ಹೋಗ್ಬೇಕಿತ್ತು, ಆಫೀಸ್ ಕೆಲಸ ಬಂತು. ಫೋನ್ ಮಾಡೋಕೂ ಆಗ್ಲಿಲ್ಲ." ಅಳತೆಯ ಕಪ್ ಕೆಳಗಿಟ್ಟು ಹೇಳಿದಳು: "ಅವರಿಗೆ ಇದ್ಯಾವುದೂ ಹೇಳ್ಬೇಡಿ. ಬಿಪಿ ಇದೆ. ಚಿಕ್ಕಮ್ಮ ಹೋದ್ಮೇಲೆ ಒಬ್ರೇ ಇದಾರೆ."

ಗಗನ್ ಸಿಕ್ಕಿದ್ದು ಕಾರ್ಖಾನೆಯ ಎದುರಿನ ಡೋನಟ್ ಅಂಗಡಿಯಲ್ಲಿ. ಹುಬ್ಬಳ್ಳಿ ಕಡೆಯವನು. ಈ ಕೆಲಸಕ್ಕೆ ಸೇರುವ ಮೊದಲು ಕೋಸ್ಟರ್‌ಗಳ ಬಗ್ಗೆಯೇ ಒಂದು ವಿಡಿಯೋ ಚಾನೆಲ್ ನಡೆಸುತ್ತಿದ್ದನಂತೆ. ಕಳ್ಳ ಸಿಕ್ಕಿಬಿಟ್ಟ ಎಂದು ನನ್ನ ಮನಸ್ಸು ಆಗಲೇ ತೀರ್ಪು ಕೊಟ್ಟಿತ್ತು.

ನಾವು ಕೂರುವ ಮೊದಲೇ ಅವನು ಹೇಳಿದ: "ನಾ ಅಲ್ಲರೀ. ಚಾನೆಲ್ ಬಂದ್ ಮಾಡಿ ಎರಡು ವರ್ಷ ಆತು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಇಂದಿರಕ್ಕನ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

"ಮೇಧಾ ಫೋನಲ್ಲಿ ಎಷ್ಟು ಫೋಟೋ ತೆಗೆದೆ?"

"ಒಂದಽ ಒಂದು. ಮ್ಯಾನೇಜರ್ ಬಾಜೂಕ್ಕ ನಿಂತಿದ್ರು."

"ನಿನ್ನ ಫೋನ್?"

"ಸ್ಟಿಕರ್ ಇತ್ತಲ್ರೀ." ಜೇಬಿನಿಂದ ತೆಗೆದು ತೋರಿಸಿದ. ಫೋನಿನ ಹಿಂಬದಿಯ ಕ್ಯಾಮೆರಾ ಮೇಲೆ ಕೆಂಪು ಸ್ಟಿಕರ್. "ಕಿತ್ತರ ಗೊತ್ತಾಗ್ತದ, ಹರೀತದ. ಅವತ್ತು ಹೊರಗ ಹೋಗೋವಾಗ ಎಲ್ಲಾರದೂ ನೋಡ್ಯಾರ. ಒಂದೂ ಹರಿದಿದ್ದಿಲ್ಲ."

ಇಂದಿರಕ್ಕ ಫೋನನ್ನು ಕೈಗೆ ತೆಗೆದುಕೊಂಡು ತಿರುಗಿಸಿದರು, ಮತ್ತೆ ತಿರುಗಿಸಿದರು. "ಬಂದವರಿಗೂ ಹೀಗೇ ಅಂಟಿಸ್ತಾರಾ?"

"ಎಲ್ಲಾರಿಗೂ ಹಿಂಗರೀ."

"ಈ ಸಿಂಗಲ್ ರೈಡರ್ ಯಾರು?"

"ಯಾರಿಗೊತ್ತು? ಪಾರ್ಕಿನ್ಯಾಗ ಒಬ್ಬೊಬ್ಬರ ಬಂದವರಿಗೆ ಬ್ಯಾರೆ ಸಾಲು ಇರ್ತದರೀ. ಎಲ್ಲ್ಯಾರ ಒಂದು ಸೀಟು ಖಾಲಿ ಉಳಿದ್ರ ಅಲ್ಲಿ ಕುಂಡ್ರಸ್ತಾರ. ಆ ಸಾಲಿಗೆ ಸಿಂಗಲ್ ರೈಡರ್ ಅಂತಾರ." ಡೋನಟ್ ಮುರಿಯುತ್ತ ನೆನಪು ಮಾಡಿಕೊಂಡ. "ಆ ಮನಷಾ ದಿನಾ ಬರೀತಿದ್ದ. ಇವತ್ತು ಕ್ರೇನ್ ಬಂತು, ಇವತ್ತು ಬೇಲಿ ಸರಿಸಿದ್ರು, ಕಡೇ ಸಾಲಿನ್ಯಾಗ ಕುಂತ್ರನ ಮಜಾ ಅಂತೆಲ್ಲಾ. ಭಾಳ ಮರ್ಯಾದಸ್ತ. ಆದ್ರ ಯಾರೂ ಅವಗ ಉತ್ತರ ಕೊಡ್ತಿದ್ದಿಲ್ಲ."

ಕಾರಿಗೆ ವಾಪಸು ಬರುವಾಗ ನಾನು ಹೇಳಿದೆ: "ಈ ಗಗನೇ, ಇಂದಿರಕ್ಕ. ಆಣೆ ಮಾಡಿ ಹೇಳ್ತೀನಿ."

"ಆಣೆ ಆಮೇಲೆ ಮಾಡು. ನಾಳೆ ಬೆಳಿಗ್ಗೆ ಸ್ಯಾನ್ ಡಿಯೇಗೋಗೆ ಹೋಗ್ಬೇಕು. ಪೆಟ್ರೋಲ್ ಹಾಕ್ಸು."

ಗುರುವಾರ ದಾರಿಯುದ್ದಕ್ಕೂ ಇಂದಿರಕ್ಕ ಫೋನಿನಲ್ಲಿ ಆ ಫೋಟೋವನ್ನೇ ನೋಡುತ್ತಿದ್ದರು. ಬಲಕ್ಕೆ ಸಮುದ್ರ ಕಾಣಿಸಿದಾಗಲೂ ತಲೆ ಎತ್ತಲಿಲ್ಲ. ಡೆಲ್ ಮಾರ್ ಹತ್ತಿರ ಬಂದಾಗ ಇಂದಿರಕ್ಕ ಬಾಲಕೃಷ್ಣರಿಗೆ ಫೋನ್ ಮಾಡಿದರು. "ಮನೇಲಿದೀರಾ? … ಪಾರ್ಕಲ್ಲಾ? … ಅಲ್ಲಿಗೇ ಬರ್ತೀವಿ."

ವಾರದ ದಿನ. ಪೆಲಿಕನ್ ಕೋವ್ ಬಿಕೋ ಎನ್ನುತ್ತಿತ್ತು. ಸಂಗೀತ ಮಾತ್ರ ಯಾರಿಗೆಂದಿಲ್ಲದೆ ಬಡಿದುಕೊಳ್ಳುತ್ತಿತ್ತು. ಹೊಸ ಕೋಸ್ಟರಿನ ಕೆಲಸ ನಡೆಯುತ್ತಿದ್ದ ಕಡೆ ಎತ್ತರದ ಹಸಿರು ಬೇಲಿ. ಬೇಲಿಯ ಎದುರಿನ ಬೆಂಚಿನ ಮೇಲೆ ಬಾಲಕೃಷ್ಣ ಕೂತಿದ್ದರು. ಕೊರಳಲ್ಲಿ ವರ್ಷದ ಪಾಸು, ಪಕ್ಕದಲ್ಲಿ ಊಟದ ಡಬ್ಬಿ. ಟೆಲಿಕಾಂ ಎಂಜಿನಿಯರಾಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಷರಟಿನಲ್ಲಿ, ಇನ್ನೂ ಆಫೀಸಿಗೆ ಬಂದವರ ಹಾಗಿದ್ದರು.

"ಬನ್ನಿ ಬನ್ನಿ. ಇಲ್ಲಿ ನನ್ನ ನೋಡೋಕೆ ಯಾರೂ ಬಂದಿರ್ಲಿಲ್ಲ." ಡಬ್ಬಿ ಸರಿಸಿ ಜಾಗ ಮಾಡಿದರು. "ನನ್ನ ಹೆಂಡತಿ ಶಾಮಲಾಗೆ ಕೋಸ್ಟರ್ ಅಂದ್ರೆ ಪ್ರಾಣ. ನಂಗೆ ತಲೆ ಸುತ್ತೋದು, ಅವಳು ಎಳ್ಕೊಂಡು ಹೋಗೋಳು. ಕೊನೇ ಸಾಲೇ ಬೇಕು ಅವಳಿಗೆ."

ಇಂದಿರಕ್ಕ ಕೂತರು. "ಈಗ ಒಬ್ರೇ ಹೋಗ್ತೀರಾ?"

"ಒಬ್ರೇ ಬಂದೋರಿಗೆ ಬೇರೆ ಸಾಲಿದೆ. ಯಾರ ಪಕ್ಕಾನೋ ಕೂರಿಸ್ತಾರೆ. ಒಳ್ಳೇದೇ ಅದು."

ನಾನು ತಲೆ ಎತ್ತಿದೆ. ಇಂದಿರಕ್ಕ ದನಿ ಏರಿಸಲಿಲ್ಲ.

"ಬಾಲಕೃಷ್ಣ ಅವರೇ, ಆ ಫೋಟೋದಲ್ಲಿ ನಿಮ್ಮನ್ನ ನೀವೇ ಯಾಕೆ ಕತ್ತರಿಸಿ ಹಾಕಿದ್ರಿ?"

ಅವರ ಕೈ ಡಬ್ಬಿಯ ಮುಚ್ಚಳದ ಮೇಲೇ ನಿಂತಿತು.

"ಯಾವ ಫೋಟೋ?"

"ಹೇಳ್ತೀನಿ. ಕಂಪನಿಯೋರು ಬಳೆ ನೋಡಿದ್ರು, ಕೈ ನೋಡ್ಲಿಲ್ಲ. ಆ ಫೋಟೋದಲ್ಲಿ ಮೇಧಾ ಎಡಗೈಯಲ್ಲಿ ಆರತಿ ಎತ್ತಿದಾಳೆ. ನಮ್ಮಲ್ಲಿ ಎಡಚರೂ ಎಡಗೈಯಲ್ಲಿ ಆರತಿ ಎತ್ತಲ್ಲ. ಗಗನ್ ತೆಗೆದ ಫೋಟೋದಲ್ಲಿ ತಟ್ಟೆ ಅವಳ ಬಲಗೈಯಲ್ಲೇ ಇದೆ. ಅಂದ್ರೆ ಹೊರಗೆ ಬಂದ ಫೋಟೋ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲಾಗಿದೆ. ಗಾಡಿ ಮೇಲೆ ಒಂದಕ್ಷರ ಇದ್ದಿದ್ರೂ ಎಲ್ರಿಗೂ ಗೊತ್ತಾಗ್ತಿತ್ತು, ಇರ್ಲಿಲ್ಲ. ಹಾಗೆ ತಿರುಗಿಸೋದು ಯಾವ ಕ್ಯಾಮೆರಾ? ಎಷ್ಟೋ ಫೋನಲ್ಲಿ ಸೆಲ್ಫಿ ತೆಗೆಯೋ ಮುಂದಿನ ಕ್ಯಾಮೆರಾ. ಗೇಟಲ್ಲಿ ಸ್ಟಿಕರ್ ಅಂಟಿಸೋದು ಹಿಂದಿನದಕ್ಕೆ ಮಾತ್ರ."

"ಸೆಲ್ಫಿ ಯಾರು ಬೇಕಾದ್ರೂ ತೆಗೀಬಹುದಲ್ಲ," ಎಂದೆ ನಾನು. ಗಗನನನ್ನು ಕೈಬಿಡಲು ನನಗಿನ್ನೂ ಮನಸ್ಸಿರಲಿಲ್ಲ.

"ಸೆಲ್ಫಿ ತೆಗೀಬೇಕಾದ್ರೆ ಗಾಡಿಗೆ ಬೆನ್ನು ಹಾಕಿ ನಿಲ್ಬೇಕು ಜಯಾ. ಗಗನ್ ಕೈಯಲ್ಲಿ ಮೇಧಾ ಫೋನ್ ಇತ್ತು. ಮಿಕ್ಕೋರೆಲ್ಲ ಗಾಡಿ ನೋಡ್ತಿದ್ರು. ಪೂಜೆ ಅಂದ್ರೇನು ಅಂತ ಗೊತ್ತಿಲ್ಲದೋರು ಕೂಡ ಆರತಿಗೆ ಮುಖ ಮಾಡಿ ನಿಂತಿದ್ರು. ಮಂತ್ರ ಹೇಳಿದವರೊಬ್ರೇ ಮಂಗಳಾರತಿಗೆ ಬೆನ್ನು ಹಾಕಿದ್ರು. ಇವರ ತೋಳು ಫೋಟೋದಿಂದ ಹೊರಗೆ ಚಾಚಿತ್ತು. ನಾವೆಲ್ಲ ಇವರು ನಗ್ತಿರೋದನ್ನ ನೋಡಿದ್ವಿ, ಯಾಕೆ ತಿರುಗಿದಾರೆ ಅಂತ ಕೇಳ್ಲಿಲ್ಲ."

ಬಾಲಕೃಷ್ಣ ಬೇಲಿಯನ್ನು ನೋಡುತ್ತಿದ್ದರು. ಅದರಾಚೆ ಯಾರೋ ಕಬ್ಬಿಣ ಬಡಿಯುತ್ತಿದ್ದರು.

"ತಪ್ಪು ಅಂತ ಗೊತ್ತಿತ್ತು," ಎಂದರು. "ಆರತಿಗೆ ಬೆನ್ನು ಹಾಕಬಾರದು. ಆದ್ರೆ ಮೇಧಾ ಜೊತೆ ನಂದೊಂದೂ ಫೋಟೋ ಇಲ್ಲ. ಅವಳನ್ನ ಕೇಳೋಕೆ ಸಂಕೋಚ."

"ಹಾಕಿದ್ದು ಯಾಕೆ?"

"ಭಾನುವಾರ ಅವಳು ಬರ್ತಾಳೆ ಅಂತ ಹೋಳಿಗೆ ಮಾಡಿದ್ದೆ. ಬರ್ಲಿಲ್ಲ. ಫೋನೂ ಬರ್ಲಿಲ್ಲ. ಸೋಮವಾರ ಬೆಳಿಗ್ಗೆ ಎದ್ದು ಆ ಕಟ್ಟೆಗೆ ಹೋದೆ. ಮುಂದಿನ ಗಾಡಿ ಹಕ್ಕಿ ಥರ ಇರುತ್ತೆ ಅಂತ ಬರೆದೆ. ಯಾರೋ ಒಬ್ಬ, 'ಮುದುಕಪ್ಪ, ನಿನ್ನ ಕಥೆ ಯಾರಿಗೆ ಬೇಕು' ಅಂದ. ಫೋಟೋ ಹಾಕಿದೆ." ಕನ್ನಡಕ ತೆಗೆದು ಒರೆಸಿದರು. "ಎಷ್ಟು ಜನ ಮಾತಾಡ್ಸಿದ್ರು ಗೊತ್ತಾ? ನೀವು ಯಾರು, ಎಲ್ಲಿದೀರಿ, ಇನ್ನೇನು ಗೊತ್ತು ಅಂತೆಲ್ಲ. ಶಾಮಲಾ ಹೋದ್ಮೇಲೆ ಅಷ್ಟು ಜನ ನನ್ನ ಹೇಗಿದೀರಿ ಅಂತ ಕೇಳಿರ್ಲಿಲ್ಲ. ಆಮೇಲೆ ಭಯ ಆಯ್ತು, ಅಳಿಸ್ದೆ. ಮುಖ ಇರ್ಲಿಲ್ಲ ಅಲ್ವಾ? ಯಾರಿಗೂ ತೊಂದ್ರೆ ಆಗಿಲ್ಲ ಅಲ್ವಾ?"

ಆಗ ಇಂದಿರಕ್ಕ ಹೇಳಿದರು. ಬ್ಯಾಡ್ಜ್, ಶುಕ್ರವಾರ, ವೀಸಾ, ಎಲ್ಲ.

ಬಾಲಕೃಷ್ಣ ಊಟದ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದರು. "ಸೋಮವಾರದಿಂದ ಮಗು ಇದನ್ನ ಅನುಭವಿಸ್ತಿದಾಳೆ. ನಂಗೆ ಒಂದು ಮಾತು ಹೇಳ್ಲಿಲ್ಲ?"

"ನಿಮಗೆ ಬಿಪಿ ಅಂತ."

"ಅವಳಿಗೆ ತೊಂದ್ರೆ ಆಗುತ್ತೆ ಅಂತ ನಾನು ಫೋನ್ ಮಾಡಲ್ಲ. ನಂಗೆ ತೊಂದ್ರೆ ಆಗುತ್ತೆ ಅಂತ ಅವಳು ಮಾಡಲ್ಲ." ಎದ್ದು ನಿಂತರು. "ನಡೀರಿ. ಮ್ಯಾನೇಜರ್ ಹತ್ರ ನಾನೇ ಹೇಳ್ತೀನಿ. ಕರ್ಕೊಂಡು ಹೋಗ್ತೀರಾ?"

ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನ್ನ ಮಗಳು ಸಿಯಾಟಲ್‌ನಲ್ಲಿದ್ದಾಳೆ. ನಾನೂ ಅವಳಿಗೆ ತೊಂದರೆಯಾದೀತೆಂದು ಫೋನ್ ಮಾಡದವಳೇ.

ಅದೇ ಸಂಜೆ ಬಾಲಕೃಷ್ಣ ಕಾರ್ಖಾನೆಯ ಮ್ಯಾನೇಜರ್ ಎದುರು ಕೂತು, ಕತ್ತರಿಸದ ಫೋಟೋ ತೋರಿಸಿ ಎಲ್ಲ ಒಪ್ಪಿಕೊಂಡರು. ಶುಕ್ರವಾರ ಬೆಳಿಗ್ಗೆ ಮೇಧಾಗೆ ಬ್ಯಾಡ್ಜ್ ವಾಪಸು ಸಿಕ್ಕಿತು. ಪಾರ್ಕಿನವರು ಬಾಲಕೃಷ್ಣರ ಪಾಸು ರದ್ದು ಮಾಡಿದರು. ಇನ್ನು ಮುಂದೆ ಅವರು ಆ ಗೇಟಿನೊಳಗೆ ಕಾಲಿಡುವಂತಿಲ್ಲ. ಅವರು ಪಾಸನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟರಂತೆ. ಶಾಮಲಾ ಕೂರುತ್ತಿದ್ದ ಕೊನೆಯ ಸಾಲು ಅವರ ಪಾಲಿಗೆ ಅಲ್ಲಿಗೆ ಮುಗಿಯಿತು.

ಯುಗಾದಿಗೆ ಮೇಧಾ ನಮ್ಮನ್ನು ಊಟಕ್ಕೆ ಕರೆದಳು. ಆ ಅಪಾರ್ಟ್‌ಮೆಂಟಿನಲ್ಲಿ ಈಗ ನಾಲ್ಕು ತಟ್ಟೆಗಳಿದ್ದವು. ಅಡುಗೆಮನೆಯಲ್ಲಿ ಬಾಲಕೃಷ್ಣ ಹೋಳಿಗೆ ತಟ್ಟುತ್ತ, ಬೇಳೆ ಬೆಂದದ್ದು ಹೆಚ್ಚಾಯಿತೆಂದು ಅವಳನ್ನು ಗದರುತ್ತಿದ್ದರು.

ಗೋಡೆಯ ಮೇಲೆ ಒಂದು ಫೋಟೋ ತೂಗುತ್ತಿತ್ತು. ಅದೇ ಸೆಲ್ಫಿ. ಮೂಲವನ್ನು ಕಂಪನಿಯವರು ಎದುರಿಗೇ ಅಳಿಸಿದ್ದರು. ಅದಕ್ಕೆ ಮೊದಲು ಮೇಧಾ ಮ್ಯಾನೇಜರನ್ನು ಬೇಡಿಕೊಂಡು ಒಂದು ತುಂಡು ಉಳಿಸಿಕೊಂಡಿದ್ದಳು. ಅದರಲ್ಲಿ ಕೊಕ್ಕಿಲ್ಲ, ಗಾಲಿಯಿಲ್ಲ, ನಿಂಬೆಹಣ್ಣಿಲ್ಲ. ಗಾಡಿಯನ್ನು ಪೂರ್ತಿ ಕತ್ತರಿಸಿ ಹಾಕಿದ್ದಳು. ಉಳಿದದ್ದು ನಗುವ ಒಂದು ನರೆತ ತಲೆ, ಅದರ ಹಿಂದೆ ಆರತಿ ಹಿಡಿದ ಹುಡುಗಿ.