ತಪ್ಪಿಹೋದ ಒಂದು ಲಾರಿ

"ಸ್ವಲ್ಪ ಪಕ್ಕಕ್ಕೆ ಸರೀರಿ ಮೇಡಂ... ನೀವು ಅಡ್ಡ ನಿಂತು ನನಗೆ ಒಂದು ಲಾರಿ ತಪ್ಪಿಹೋಯ್ತು!"

ಅವಳು ಸರಿಯಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಇನ್ನಷ್ಟು ಗಟ್ಟಿಯಾಗಿ ನಿಂತಳು.

"ತಪ್ಪಲಿ! ನಮ್ಮ ಮೈದಾನದ ಮೇಲೆ ರಸ್ತೆ ಎಳೆಯೋಕೆ ತಾನೇ ಈ ಲೆಕ್ಕ?"

ಮೈದಾನದ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದವನು ನಗರಸಭೆಯ ಸರ್ವೆಯವನು. ಸಂಜೆ ಐದರಿಂದ ಆರರವರೆಗೆ ಪಕ್ಕದ ರಸ್ತೆಯಲ್ಲಿ ಓಡಾಡುವ ವಾಹನಗಳನ್ನು ಎಣಿಸುವುದು ಅವನ ಕೆಲಸ. ತೊಡೆಯ ಮೇಲೆ ಹಾಳೆ, ಕೈಯಲ್ಲಿ ಒತ್ತಿದಾಗಲೆಲ್ಲ ಒಂದೊಂದು ಅಂಕಿ ಏರುವ ಪುಟ್ಟ ಯಂತ್ರ.

ಅವಳು ರಸ್ತೆಯಾಚೆಯ ಟೈಲರ್. ಮೈದಾನ ಉಳಿಸುವ ಹೋರಾಟಕ್ಕೆ ಜನ ಅವಳನ್ನೇ ಮುಂದಾಳು ಮಾಡಿದ್ದರು. ಬಾಯಿ ಜೋರಿದ್ದವರಿಗೆ ಇಂಥ ಹುದ್ದೆ ತಾನಾಗಿಯೇ ಒಲಿದು ಬರುತ್ತದೆ.

ಆದರೆ ಅವಳಿಗೆ ಮುಂದಾಳುತನ ಬೇಕಿರಲಿಲ್ಲ. ಪಾರ್ಶ್ವವಾಯು ಬಡಿದ ಅಪ್ಪ ಆ ಮೈದಾನದಲ್ಲಿ ಮತ್ತೆ ನಡೆಯಲು ಕಲಿಯುತ್ತಿದ್ದರು. ಸುತ್ತಮುತ್ತ ಏರಿಳಿತವಿಲ್ಲದ ನೆಲ ಅದೊಂದೇ. ಅಲ್ಲಿ ರಸ್ತೆ ಬಂದರೆ ಅಪ್ಪ ಮತ್ತೆ ಮಂಚ ಹಿಡಿದಂತೆಯೇ!

"ಅಲ್ಲಿ ಕೋಲೂರಿಕೊಂಡು ಬರ್ತಿದಾರಲ್ಲ, ನಮ್ಮಪ್ಪ. ಅವರನ್ನ ಯಾವ ಲೆಕ್ಕಕ್ಕೆ ಹಾಕ್ತೀರಿ?"

ಅವನು ಹಾಳೆ ನೋಡಿದ. ಬಸ್ಸು, ಲಾರಿ, ಕಾರು, ಬೈಕು...

"ನಡೆಯೋರಿಗೆ ಇದರಲ್ಲಿ ಕಾಲಂ ಇಲ್ಲ ಮೇಡಂ."

'ಎಂಥ ಕಲ್ಲು ಮನುಷ್ಯನಪ್ಪಾ!' ಎಂದುಕೊಂಡು ಅವಳು ಹೊರಟುಹೋದಳು.

ಮರುದಿನದಿಂದ ಅವಳು ಹಟ ತೊಟ್ಟಳು. ಅವನು ಎಣಿಸುವ ಹೊತ್ತಿಗೇ ಊರಿನ ಮೂಲೆಮೂಲೆಯಿಂದ ಜನರನ್ನು ಕರೆಸಿದಳು. ಫಲಕ, ಘೋಷಣೆ, ಗದ್ದಲ. ಇವನು ತಲೆಯೆತ್ತದೆ ಒತ್ತುತ್ತಲೇ ಇದ್ದ, ಟಿಕ್... ಟಿಕ್...

ಮೂರನೇ ದಿನ ಮಾತ್ರ ಬೇರೊಂದು ಕಂಡಿತು. ಕುರ್ಚಿಯಲ್ಲಿ ಅಪ್ಪ ಕುಳಿತಿದ್ದರು. ಇವನು ಪಕ್ಕದಲ್ಲಿ ನಿಂತು ಎಣಿಸುತ್ತಿದ್ದ.

"ಇಪ್ಪತ್ತು ವರ್ಷ ಬಸ್ ಓಡಿಸಿದೋನು ನಾನು. ಈಗ ಎಡಗಾಲು ಫಸ್ಟ್ ಗೇರ್ ಬಿಟ್ಟು ಮೇಲೇಳ್ತಾನೇ ಇಲ್ಲ ಕಣಯ್ಯಾ!" ಎಂದು ಅಪ್ಪ ಹೇಳುತ್ತಿದ್ದರು. ಇಬ್ಬರೂ ನಗುತ್ತಿದ್ದರು. ಅಪ್ಪ ನಕ್ಕು ಎಷ್ಟು ತಿಂಗಳಾಗಿತ್ತು!

ಯಂತ್ರದ ಭಾರಕ್ಕೆ ಅವನ ಅಂಗಿಯ ಜೇಬು ಹರಿದು ನೇತಾಡುತ್ತಿತ್ತು. ಟೈಲರ್ ಕಣ್ಣು ಅದನ್ನು ಸಹಿಸದು.

"ಆರು ಹೊಡೆದ ಮೇಲೆ ಬನ್ನಿ ಅಂಗಡಿಗೆ. ನೋಡೋಕಾಗಲ್ಲ."

ಅಂಗಡಿಯಲ್ಲಿ ಅವನು ನಿಂತಂತೆಯೇ ಅವಳು ಹೊಲಿದಳು. ಸೂಜಿಗೂ ಅವನ ಎದೆಗೂ ಎರಡು ಬೆರಳಿನ ಅಂತರ.

"ಅಲುಗಾಡಬೇಡಿ. ಚುಚ್ಚುತ್ತೆ."

"ನಾನು ಅಲುಗಾಡ್ತಿಲ್ಲ ಮೇಡಂ... ನಿಮ್ಮ ಹೊಲಿಗೆಯೇ ಸೊಟ್ಟ ಹೋಗ್ತಿದೆ."

ಹೌದು, ಹೊಲಿಗೆ ಸೊಟ್ಟಗಾಗಿತ್ತು! ಹದಿನೈದು ವರ್ಷದ ಕಸುಬಿನಲ್ಲಿ ಮೊದಲ ಸಲ. ದಾರ ಕಚ್ಚಿ ತುಂಡರಿಸುವ ಬದಲು ಕತ್ತರಿ ಹುಡುಕುವ ನೆಪದಲ್ಲಿ ಅವಳು ಆ ಕಡೆ ತಿರುಗಿಕೊಂಡಳು.

ಇಷ್ಟಕ್ಕೇ ಕಥೆ ಸುಖವಾಗಿ ಮುಗಿಯಬಹುದಿತ್ತು. ಆದರೆ ನಗರಸಭೆಯ ಸಭೆ ಬಾಕಿಯಿತ್ತು.

"ಒಂದೇ ಗಂಟೆಯಲ್ಲಿ ಸಾವಿರದ ನೂರು ವಾಹನ!" ಅಧಿಕಾರಿ ವರದಿ ಓದಿದರು. "ಕಳೆದ ವರ್ಷದ ಎರಡರಷ್ಟು. ಮೈದಾನದಲ್ಲಿ ರಸ್ತೆ ಮಾಡದೆ ಬೇರೆ ದಾರಿಯಿಲ್ಲ."

ಅವಳ ಕಣ್ಣು ಕತ್ತಲಿಟ್ಟಿತು. ಅಪ್ಪನನ್ನು ತನ್ನ ಕುರ್ಚಿಯಲ್ಲಿ ಕೂರಿಸಿದವನು... ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮೋಸ ಮಾಡಿದನೇ?

"ಸುಳ್ಳು ಲೆಕ್ಕ!" ತುಂಬಿದ ಸಭೆಯಲ್ಲಿ ಅವನತ್ತ ಬೆರಳು ತೋರಿಸಿದಳು. "ಇವರು ಮನಸ್ಸಿಗೆ ಬಂದ ಹಾಗೆ ಬರ್ಕೊಂಡಿದಾರೆ!"

ಅವನು ಎದ್ದು ನಿಂತ. ಒಂದು ಕ್ಷಣ ಅವಳನ್ನೇ ನೋಡಿದ.

"ಎಣಿಕೆಯಲ್ಲಿ ದೋಷ ಇದೆ ಸರ್. ತಪ್ಪು ನನ್ನದು. ಇನ್ನೊಂದು ವಾರ ಎಣಿಸೋಕೆ ಅವಕಾಶ ಕೊಡಿ."

ಅವಕಾಶ ಸಿಕ್ಕಿತು, ಜೊತೆಗೆ ಕೆಲಸದಲ್ಲಿ ನಿರ್ಲಕ್ಷ್ಯ ಎಂಬ ನೋಟಿಸೂ ಸಿಕ್ಕಿತು. ಅವಳು ಗೆದ್ದೆನೆಂದು ಹೋರಾಟ ನಿಲ್ಲಿಸಿದಳು. ಆ ವಾರವಿಡೀ ಅವನಿದ್ದ ಕಡೆ ಕಣ್ಣೆತ್ತಿಯೂ ನೋಡದೆ ಅಪ್ಪನನ್ನು ಬಿಟ್ಟು ಬಂದಳು, ಕರೆದುಕೊಂಡು ಹೋದಳು. ಗೆದ್ದವಳಿಗೆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟೇ.

ಎರಡನೇ ಸಭೆಯ ಬೆಳಿಗ್ಗೆ ಅಪ್ಪ ಕೇಳಿದರು: "ಮಗಳೇ, ಅವತ್ತಿನ ವಾರ ನಿನ್ನ ಹೋರಾಟಕ್ಕೆ ದಿನಾ ಎಷ್ಟು ಜನ ಬರ್ತಿದ್ರು?"

"ಮುನ್ನೂರರ ಮೇಲೆ!"

"ಹೇಗೆ ಬರ್ತಿದ್ರು?"

"ಹೇಗೆ ಅಂದ್ರೆ... ಬೈಕು, ಸ್ಕೂಟರು, ಕೆಲವರು ಕಾರು..." ಅವಳ ಮಾತು ಅಲ್ಲಿಗೇ ನಿಂತಿತು.

"ಬರುವಾಗ ಒಂದ್ಸಲ, ಹೋಗುವಾಗ ಒಂದ್ಸಲ. ಎಲ್ಲಾ ಅವನ ಕಣ್ಣ ಮುಂದೇನೇ! ಸಭೆಯಲ್ಲಿ ಇದನ್ನ ಹೇಳಿದ್ರೆ ಊರೆಲ್ಲಾ ನಿನ್ನ ನೋಡಿ ನಗ್ತಿತ್ತು ಕಣಮ್ಮ. ಅದಕ್ಕೇ ತನ್ನ ತಲೆ ಮೇಲೆ ಹಾಕ್ಕೊಂಡ. ನಿನಗೆ ಹೇಳಬೇಡಿ ಅಂತ ಆಣೆ ಬೇರೆ ಹಾಕಿದ್ದ. ನಾನು ಡ್ರೈವರು, ಹೊಟ್ಟೇಲಿ ಮಾತು ನಿಲ್ಲಲ್ಲ."

'ಅಯ್ಯೋ... ಎಂಥ ಕೆಲಸ ಮಾಡಿಬಿಟ್ಟೆ!'

ಅಂದು ಅಧಿಕಾರಿ ಬಾಯಿ ತೆರೆಯುವ ಮೊದಲೇ ಅವಳು ಎದ್ದಳು.

"ಮೊದಲನೇ ಲೆಕ್ಕ ಸರಿಯಾಗೇ ಇತ್ತು ಸರ್. ಹೆಚ್ಚಾದ ಗಾಡಿಗಳೆಲ್ಲಾ ನಮ್ಮವೇ. ಮೈದಾನ ಉಳಿಸೋಕೆ ಅಂತ ನಾವೇ ಗಾಡಿ ಹತ್ತಿ ಬಂದಿದ್ವಿ. ಅವರ ಮೇಲಿನ ನೋಟಿಸ್ ವಾಪಸ್ ತಗೊಳ್ಳಿ. ತಪ್ಪು ನನ್ನದು."

ಸಭೆ ಬಿದ್ದು ಬಿದ್ದು ನಕ್ಕಿತು. ಅವಳು ತಲೆ ತಗ್ಗಿಸದೆ ನಿಂತೇ ಇದ್ದಳು. ಹೊಸ ಎಣಿಕೆ ಐನೂರಿಪ್ಪತ್ತು. ರಸ್ತೆ ಬೇಡ, ಮೂಲೆಗೊಂದು ಸಿಗ್ನಲ್ ಸಾಕು ಎಂದು ತೀರ್ಮಾನವಾಯಿತು. ನೋಟಿಸೂ ರದ್ದಾಯಿತು.

ಸಂಜೆ ಅವನು ಕುರ್ಚಿ ಒಯ್ಯಲು ಬಂದಾಗ ಅವಳು ರಸ್ತೆ ದಾಟಿ ಬಂದಳು. ಅಪ್ಪ ಮೈದಾನದ ಆ ತುದಿಯಲ್ಲಿ ಕೋಲೂರಿ ನಿಧಾನಕ್ಕೆ ತಿರುಗುತ್ತಿದ್ದರು.

"ನಿಮ್ಮನ್ನ ಅಷ್ಟು ಜನರ ಮುಂದೆ ಅವಮಾನ ಮಾಡಿದೆ... ನೀವ್ಯಾಕೆ ಸುಮ್ಮನಿದ್ರಿ?"

ಅವನು ಹಾಳೆಯ ಹಿಂಬದಿ ತೋರಿಸಿದ. ಪೆನ್ಸಿಲ್ ಗೀಟುಗಳು, ಐದೈದರ ಗುಂಪಿನಲ್ಲಿ.

"ಇದೇನು?"

"ನಡೆಯೋರ ಕಾಲಂ. ವರದಿಗೆ ಹೋಗಲ್ಲ. ನೀವು ಈ ರಸ್ತೆ ದಾಟಿದ್ದು... ಇವತ್ತಿಗೆ ನಲವತ್ತೇಳು ಸಲ."

ಅವಳ ಕಣ್ಣು ತುಂಬಿತು. "ನನ್ನನ್ನೇ ನೋಡ್ತಾ ಕೂತಿದ್ರಾ? ಹಾಗಾದ್ರೆ ಗಾಡಿ ಎಷ್ಟು ತಪ್ಪಿಸಿದ್ರಿ?"

"ಒಂದೇ ಒಂದು ಲಾರಿ. ಅವತ್ತೇ ನೀವಂದ್ರೆ ಇಷ್ಟ ಆಗಿಬಿಟ್ಟಿತ್ತು..." ಅವನ ದನಿ ತಗ್ಗಿತು. "ಈಗ ವಾಪಸ್ ಹೋದ್ರೆ ನಲವತ್ತೆಂಟಾಗುತ್ತೆ."

ಅವಳು ಕುರ್ಚಿಯನ್ನು ಅವನ ಕೈಯಿಂದ ಕಿತ್ತುಕೊಂಡು, ನೆಲಕ್ಕೂರಿ ಅದರ ಮೇಲೆ ಕುಳಿತುಬಿಟ್ಟಳು.

"ನಲವತ್ತೇಳೇ ಇರಲಿ ಬಿಡಿ."