ಜೆಲ್ಲಿನ ಎರಡನೆಯ ಗೆರೆ

"ಇದನ್ನ ತೊಳೆದೋರು ಯಾರು?"

ಶೀತಲ ಕೋಣೆಯ ಬಾಗಿಲಲ್ಲಿ ನಿಂತವನ ಕೈಯಲ್ಲಿ ಪುಟ್ಟ ನಳಿಕೆಯಿತ್ತು. ತಿಳಿನೀರಿನಂತಿರಬೇಕಾದ ದ್ರಾವಣ ಒಡೆದ ಹಾಲಿನಂತೆ ಮುದ್ದೆಗಟ್ಟಿತ್ತು.

"ನಾನೇ," ಎಂದಳು ಅವಳು. ಆ ಪ್ರಯೋಗಾಲಯಕ್ಕೆ ಸೇರಿ ಇನ್ನೂ ವಾರ ತುಂಬಿರಲಿಲ್ಲ. "ಪ್ರೋಟೀನು ಬೇರ್ಪಡಿಸಿ ನೋಡೋ ಜೆಲ್ ಮೇಲೆ ಎರಡು ಗೆರೆ ಕಾಣಿಸ್ತು. ಒಂದು ನಮ್ಮ ಪ್ರೋಟೀನು. ಇನ್ನೊಂದು ಕೊಳೆ ಅಂದ್ಕೊಂಡು ತೊಳೆದುಬಿಟ್ಟೆ."

"ಕೊಳೆ ಅಲ್ಲ ತಾಯಿ. ಅದು ಚಾಪೆರೋನ್, ಇದರ ಬೆಂಗಾವಲು. ಅದನ್ನೇ ಓಡಿಸಿಬಿಟ್ರಿ."

ಕತ್ತಿಗೆ ಮಫ್ಲರ್ ಸುತ್ತಿಕೊಂಡು ದಿನವಿಡೀ ಶೀತಲ ಕೋಣೆಯಲ್ಲೇ ಕಳೆಯುತ್ತಿದ್ದ ಆ ಸಂಶೋಧಕನಿಗೆ ಸಹೋದ್ಯೋಗಿಗಳು ಮಫ್ಲರ್ ಎಂದು ಹೆಸರಿಟ್ಟಿದ್ದರು. 'ಬೆಳೆ' ಎಂಬ ಸಂದೇಶ ಮಿತಿಮೀರಿದಾಗ ಜೀವಕೋಶಕ್ಕೆ ಕಡಿವಾಣ ಹಾಕಿ, ಕ್ಯಾನ್ಸರ್ ಗಡ್ಡೆಯಾಗದಂತೆ ತಡೆಯುವ ಪ್ರೋಟೀನೊಂದಿದೆ. ವಂಶವಾಹಿಯ ದೋಷದಿಂದ ಹಾಳಾದ ಅದರ ರೂಪವನ್ನು ಅವನು ಬೇರ್ಪಡಿಸುತ್ತಿದ್ದ.

"ಇದು ಹುಟ್ಟಿನಿಂದ್ಲೇ ಕೆಟ್ಟದ್ದು. ಸರಿಯಾಗಿ ಮಡಚ್ಕೊಳ್ಳೋಕೆ ಬರಲ್ಲ. ಯಾರಾದ್ರೂ ಹಿಡ್ಕೊಂಡಿದ್ರೆ ನಿಲ್ಲುತ್ತೆ. ಬಿಟ್ರೆ ಮುಗೀತು."

ಹುಟ್ಟಿನಿಂದಲೇ ಕೆಟ್ಟದ್ದು...

ಅವಳ ಮುಖ ಬಿಳಿಚಿಕೊಂಡಿತು. ಅದೇ ದೋಷ ಅವಳ ಅಮ್ಮನನ್ನು ಒಯ್ದಿತ್ತು, ಅನಂತರ ಅಕ್ಕನನ್ನು. ತನ್ನ ಮೈಯಲ್ಲೂ ಅದಿದೆಯೆಂದು ರಕ್ತಪರೀಕ್ಷೆಯಿಂದ ತಿಳಿದ ಮೇಲೆಯೇ ಅವಳು ಈ ಕೆಲಸವನ್ನು ಆರಿಸಿಕೊಂಡಿದ್ದಳು. ಇದಾವುದನ್ನೂ ಅರಿಯದ ಅವನು, ಹೊಸಬಳು ಗದರಿಕೆಗೆ ಹೆದರಿದಳೆಂದು ಭಾವಿಸಿ ಮೆತ್ತಗಾದ.

"ಹೆದರ್ಬೇಡಿ. ಸೇರಿದ ಹೊಸದರಲ್ಲಿ ನಾನೂ ಇದನ್ನೇ ಮಾಡಿ ಲ್ಯಾಬಿನ ಮುಖ್ಯಸ್ಥೆ ಮೇಡಂ ಹತ್ರ ಉಗಿಸ್ಕೊಂಡಿದ್ದೆ. ಬನ್ನಿ, ಚಹಾ ಕುಡಿಯೋಣ."

ಕೆಟ್ಟ ಪ್ರೋಟೀನನ್ನು ಒಟ್ಟಿಗೆ ಮತ್ತೆ ತಯಾರಿಸುತ್ತಾ ಅವರಿಬ್ಬರೂ ಹತ್ತಿರವಾದರು. ಅವಳು ಕೋಶಗಳನ್ನು ಬೆಳೆಸಿ ಕೊಡುತ್ತಿದ್ದಳು; ಅವನು ಅವುಗಳನ್ನು ಒಡೆದು ಸೋಸುತ್ತಿದ್ದ. ಮಾತಿಗಿಂತ ಮೌನವೇ ಹೆಚ್ಚಾಗಿದ್ದ ಆ ಮಧ್ಯಾಹ್ನಗಳಲ್ಲಿ ಅವಳಿಗೆ ಸುಖವೆನಿಸುತ್ತಿತ್ತು. ಸುಖವೆನಿಸಿದಾಗಲೆಲ್ಲ ಭಯವಾಗುತ್ತಿತ್ತು.

ಒಂದು ಸಂಜೆ, ಗಾಜಿನ ಸಾಮಾನು ತೊಳೆಯುವ ತೊಟ್ಟಿಯ ಬಳಿ, ಒದ್ದೆ ಕೈ ಒರೆಸಿಕೊಳ್ಳುತ್ತಾ ಅವನು ಕೇಳಿದ: "ನನ್ನನ್ನ ಮದುವೆ ಆಗ್ತೀರಾ?"

ಒಪ್ಪಿಬಿಡು ಎಂದಿತು ಮನಸ್ಸು. ಆದರೆ ಆಸ್ಪತ್ರೆಯಲ್ಲಿ ಅಕ್ಕನ ಮಂಚದ ಕೆಳಗೆ ಅವಳ ಚಪ್ಪಲಿ ಜೋಡಿಸಿಟ್ಟು ಕುಳಿತಿರುತ್ತಿದ್ದ ಭಾವನ ಮುಖ ಕಣ್ಣಮುಂದೆ ಬಂದಿತು.

"ಇಲ್ಲ. ನಿಮ್ಮ ಮೇಲೆ ನನಗೆ ಅಂಥದ್ದೇನೂ ಇಲ್ಲ."

ಅವನು ತಲೆಯಾಡಿಸಿದ. ಮರುದಿನದಿಂದ ಅವನ ಮಾತು ಕೆಲಸಕ್ಕಷ್ಟೇ ಸೀಮಿತವಾಯಿತು. ತಿಂಗಳು ಮುಗಿಯುವುದರೊಳಗೆ, ಅವನು ಬೇರೆ ಊರಿನ ಪ್ರಯೋಗಾಲಯಕ್ಕೆ ಹೊರಟಿದ್ದಾನೆಂಬ ಸುದ್ದಿ ಹಬ್ಬಿತು. ಅಮ್ಮನ ತರುವಾಯ ಅವಳನ್ನು ಸಾಕಿದ ಚಿಕ್ಕಮ್ಮನ ಮುಂದೆ ಅವಳು ಅಂದು ಎಲ್ಲವನ್ನೂ ಹೇಳಿಕೊಂಡಳು.

"ಅಂದ್ರೆ, ಅವನ ಪಾಲಿನ ಯೋಚನೇನೂ ನೀನೇ ಮಾಡಿ ಮುಗಿಸಿದೆ," ಚಿಕ್ಕಮ್ಮ ಒಗೆದ ಬಟ್ಟೆ ಮಡಚುತ್ತಲೇ ಅಂದರು. "ಏನು ದೊಡ್ಡ ಮನಸ್ಸಮ್ಮ ನಿಂದು."

"ಭಾವನ ಗತಿ ಅವನಿಗೆ ಬರ್ಬೇಕಾ ಚಿಕ್ಕಮ್ಮ?"

"ನಿನ್ನ ಭಾವನ್ನ ಯಾವತ್ತಾದ್ರೂ ಕೇಳಿದ್ದೀಯಾ, ಮದುವೆ ಆಗಬಾರದಿತ್ತು ಅನ್ಸುತ್ತಾ ಅಂತ?" ಚಿಕ್ಕಮ್ಮ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು. "ನಾನು ಕೇಳಿದ್ದೆ. ಆವತ್ತಿಂದ ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದ."

ಮರುದಿನ ಅವಳು ಹೋದಾಗ ಅವನು ತನ್ನ ಮೇಜನ್ನು ಖಾಲಿ ಮಾಡುತ್ತಿದ್ದ.

"ಆವತ್ತು ಸುಳ್ಳು ಹೇಳಿದೆ," ಎಂದಳು. ಅನಂತರ ಅಮ್ಮನ ವಿಷಯ, ಅಕ್ಕನ ವಿಷಯ, ತನ್ನ ವಿಷಯ, ಎಲ್ಲವನ್ನೂ ತಡವರಿಸದೆ ಹೇಳಿದಳು. "ನೀವು ಹುಟ್ಟಿನಿಂದ್ಲೇ ಕೆಟ್ಟದ್ದು ಅಂದ್ರಲ್ಲ... ಅದು ನನ್ನೊಳಗೂ ಇದೆ."

ಅವನು ಸ್ಟೂಲಿನ ಮೇಲೆ ಕುಸಿದು ಕುಳಿತ. ಕೈಯಲ್ಲಿದ್ದ ಪುಸ್ತಕವನ್ನು ಮತ್ತೆ ಮೇಜಿನ ಮೇಲಿಟ್ಟ.

"ಹೆದರಿಕೆ ಆಗ್ತಿದೆ," ಎಂದ.

ಕನಿಕರಕ್ಕೆ ಅವಳು ಸಿದ್ಧಳಾಗಿದ್ದಳು, ಧೈರ್ಯದ ಮಾತಿಗೂ ಸಿದ್ಧಳಾಗಿದ್ದಳು. ಇದಕ್ಕೆ ಸಿದ್ಧಳಾಗಿರಲಿಲ್ಲ.

"ಹಾಗಿದ್ರೆ ಹೊರಡಿ. ನನಗೇನೂ ಬೇಜಾರಿಲ್ಲ."

"ಹೊರಟ್ರೆ ಹೆದರಿಕೆ ಹೋಗುತ್ತಾ? ಅಲ್ಲಿ ಕೂತು ಹೆದರೋದಕ್ಕಿಂತ ನಿಮ್ಮ ಪಕ್ಕ ಕೂತೇ ಹೆದರ್ತೀನಿ." ಅವನು ಕಣ್ಣೊರೆಸಿಕೊಂಡ. "ಮುಂದಿನ ತಪಾಸಣೆ ಯಾವಾಗ?"

"ಬರೋ ಸೋಮವಾರ. ಸ್ಕ್ಯಾನ್ ಇದೆ."

"ಜೊತೆಗೆ ಯಾರು ಬರ್ತಾರೆ?"

"ಯಾರೂ ಇಲ್ಲ. ಚಿಕ್ಕಮ್ಮನಿಗೆ ಆ ಆಸ್ಪತ್ರೆ ಮೆಟ್ಟಿಲು ಕಂಡ್ರೇ ಆಗಲ್ಲ. ಒಬ್ಬಳೇ ಹೋಗಿ ಬರ್ತೀನಿ."

"ನಾನು ಬರ್ತೀನಿ."

"ವರದಿ ಬರೋವರೆಗೂ ನಾನು ತುಂಬಾ ಸಿಡುಕ್ತೀನಿ. ಸುಮ್ಮಸುಮ್ಮನೆ ಜಗಳ ಆಡ್ತೀನಿ."

"ಈಗ ಆಡ್ತಿರೋದು ಏನು ಮತ್ತೆ?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ವರದಿ ಕೆಟ್ಟದಾಗಿ ಬಂದ್ರೆ...?"

ಅವನು ಪಕ್ಕದ ಸ್ಟೂಲನ್ನು ಎಳೆದು ಅವಳ ಮುಂದಿಟ್ಟ.

"ಬಂದ್ರೆ ಮನೆಗೆ ಹೋಗಿ ಅಳೋಣ. ಇಬ್ಬರೂ. ಈಗ ಕೂತ್ಕೊ, ಆಗಿಂದ ನಿಂತೇ ಇದ್ದೀಯ."