ವಿಳಾಸ ತಪ್ಪುವ ಪ್ರಿಂಟರು

ಪ್ರೀತಿಗೆ ಹೂಂ ಎನ್ನಬೇಕಾದ ದಿನವೇ ಶೀಲಾಳಿಗೆ ಜಿರಲೆಯ ಮೊಟ್ಟೆ ಕೆರೆಯುವ ಪಾಳಿ ಬಂದಿತ್ತು.

ಹುನಗುಂದದ ಕೋರ್ಟಿನ ಎದುರು ತನ್ನ ಟೈಪಿಂಗ್ ಅಂಗಡಿಯಲ್ಲಿ ಅವಳು ಹಳೆಯ ಪ್ರಿಂಟರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಳು. ಪ್ರತಿ ಅಮಾವಾಸ್ಯೆಗೂ ಅದಕ್ಕೆ ಕುಂಕುಮ ಮೆತ್ತಿ, ಕಾಯಿ ಒಡೆದು ನೀರು ಚಿಮುಕಿಸುವುದು ಮನೆಯ ಪದ್ಧತಿ. ಹದಿನೈದು ವರ್ಷದ ಭಕ್ತಿಯೆಲ್ಲ ಒಳಗೆ ಅಂಟಂಟಾಗಿ ಕೊಳೆತು, ಅದರಲ್ಲಿ ಜಿರಲೆಗಳು ಸಂಸಾರ ಹೂಡಿದ್ದವು. ಥೂ! ಮೂಗಿಗೆ ಬಟ್ಟೆ ಕಟ್ಟಿಕೊಂಡಳು. ಆದರೂ ಬಿಡುವಂತಿಲ್ಲ. ಕಾರ್ಬನ್ ಇಟ್ಟು ಒಂದೇ ಏಟಿಗೆ ಮೂರು ಪ್ರತಿ ಹೊಡೆಯುವುದು ಇದೊಂದೇ.

ಇದರ ಅಗಲ ಮೂತಿಯ ಕೇಬಲ್ಲಿಗೆ ಹೊಸ ಕಂಪ್ಯೂಟರಿನಲ್ಲಿ ಜಾಗವೇ ಇರಲಿಲ್ಲ. ಇಳಕಲ್ಲಿನ ಕಂಪ್ಯೂಟರ್ ರಿಪೇರಿಯ ನಾಗಲಿಂಗ ಬಂದು ನಡುವೆ ಒಂದು ನೆಟ್‌ವರ್ಕ್ ಅಡಾಪ್ಟರ್ ಕೂಡಿಸಿ ಎರಡನ್ನೂ ಮಾತಾಡಿಸಿದ್ದ. ಆದರೆ ಕರೆಂಟು ಹೋಗಿ ಬಂದಾಗಲೆಲ್ಲ ಪ್ರಿಂಟರು ಕಂಪ್ಯೂಟರಿಗೆ ಕಾಣೆಯಾಗುತ್ತಿತ್ತು. ಶೀಲಾ ಫೋನ್ ಮಾಡಿದರೆ ಅವನು ಬೈಕೇರಿ ಬರುತ್ತಿದ್ದ. ಐದು ನಿಮಿಷಕ್ಕೆ ಸರಿಮಾಡಿ ಒಂದು ತಾಸು ಕೂಡುತ್ತಿದ್ದ. ಕೀಬೋರ್ಡಿನ ಮೇಲೆ ಓಡುವ ಅವಳ ಬೆರಳನ್ನು ಕದ್ದು ನೋಡುತ್ತ, ಸಿಕ್ಕಿಬಿದ್ದರೆ ಗೋಡೆಯ ಕ್ಯಾಲೆಂಡರು ಓದುತ್ತಿದ್ದ. ಆ ಕಳ್ಳನೋಟ ಅವಳಿಗೂ ಹಿಡಿಸಿತ್ತು.

"ನಮ್ಮ ಮನಿಯವರನ್ನ ನಿಮ್ಮ ಮನಿಗೆ ಹೆಣ್ಣು ಕೇಳಾಕ ಕಳಸ್ಲೇನ್ರಿ?" ಎಂದು ಕಳೆದ ವಾರ ಕೇಳಿದ್ದ. ಇವತ್ತು ಉತ್ತರ ಹೇಳುತ್ತೇನೆ ಎಂದಿದ್ದಳು.

ಉತ್ತರ ಕೇಳಲು ಬಂದ ನಾಗಲಿಂಗ ಅವಳ ಕೈ ನೋಡಿ ಬಾಗಿಲಲ್ಲೇ ನಿಂತ.

"ಏನ್ ಮಾಡಾಕತ್ತೀರಿ?"

"ಕಾಣವಲ್ದೇನ್ರಿ? ಹೊಲಸು ತಗಿಯಾಕತ್ತೇನಿ. ಮುದುಕಿ ಹನಮವ್ವಾಯಿ, ಇಲ್ಲಿ ಕೋರ್ಟಿಗೆ ತವರಿನ ಹೊಲದ ಅರ್ಜಿ ಹಾಕಾಕಂತ ಕಲಾದಗಿಯಿಂದ ಎರಡು ಬಸ್ ಬದಲಿಸಿ ಬಂದಿದ್ಲು. ಪ್ರಿಂಟರ್ ಕೆಟ್ಟು, ನೀವು ಬರೂದ್ರಾಗ ಬಸ್ಸಿನ ಹೊತ್ತಾಗಿ, ಎರಡು ಸಲ ಬರಿಗೈಲೆ ಹೋದ್ಲು. ಈ ಹೊಲಸಿಗೇ ಕೆಡತೈತಿ ಅಂತ ಮುಂಜಾನಿಂದ ತಿಕ್ಕಾಕತ್ತೇನಿ."

ನಾಗಲಿಂಗನ ಮುಖ ಇಳಿಯಿತು.

"ಹೊಲಸಿಂದ ಅಲ್ರಿ. ಅಡಾಪ್ಟರಿಗೆ ಒಂದು ನಂಬರ್ ಇರತೈತಿ, ಮನಿ ವಿಳಾಸ ಇದ್ದಂಗ. ಕರೆಂಟ್ ಹೋದ್ರ ಅದು ಬದಲಾಗತೈತಿ. ಕಾಯಂ ಮಾಡಿಬಿಟ್ರ ಯಾವತ್ತೂ ತಪ್ಪಂಗಿಲ್ಲ. ನಾ ಬೇಕಂತನ ಹಂಗ ಬಿಟ್ಟಿದ್ನಿ. ನೀವು ಫೋನ್ ಮಾಡ್ತೀರಿ, ನಿಮ್ಮನ್ನ ನೋಡಬಹುದು ಅಂತ..."

ಬೇರೆ ಯಾರಾದರೂ ನಾಚಿ ನಗುತ್ತಿದ್ದರೋ ಏನೋ. ಶೀಲಾಳಿಗೆ ಜಿರಲೆ ಕಂಡಾಗಿನದಕ್ಕಿಂತ ಹೆಚ್ಚು ಹೇಸಿಗೆಯಾಯಿತು. ಅವನ ಮೇಲೆ, ಆ ನೋಟಕ್ಕೆ ಕರಗಿದ ತನ್ನ ಮೇಲೂ.

"ಥೂ ನಿನ್ನ! ನಿನ್ನ ಹುಚ್ಚಿಗೆ ಆ ಮುದುಕಿ ಬಸ್ಸಿನ್ಯಾಗ ನಿಂತು ಸಾಯಬೇಕೇನು? ಇದಕ್ಕ ಪ್ರೀತಿ ಅಂತಾರೇನು?"

"ತಪ್ಪಾತು, ಶೀಲಾ."

"ನನಗ ಹೇಳಬ್ಯಾಡ. ನಂಬರ್ ಕಾಯಂ ಮಾಡೋದು ಹೆಂಗ, ತೋರಸು. ನಾನ ಮಾಡ್ತೇನಿ."

ಅವನು ಹೇಳಿದಂತೆ ಅವಳು ಒತ್ತಿದಳು. ಮೇನ್ ಸ್ವಿಚ್ಚು ಆರಿಸಿ ಮತ್ತೆ ಹಾಕಿದಳು. ಪ್ರಿಂಟರು ಕರಕರ ಹಲ್ಲು ಕಡಿಯುತ್ತ ಹನಮವ್ವನ ಅರ್ಜಿಯ ಮೂರು ಪ್ರತಿ ಹೊಡೆಯಿತು. ಇನ್ನು ಅವನನ್ನು ಕರೆಯಲು ಕಾರಣವೇ ಉಳಿಯಲಿಲ್ಲ. ಅದು ಇಬ್ಬರಿಗೂ ತಿಳಿಯಿತು.

"ನಾ ಕೇಳಿದ್ದಕ್ಕ ಉತ್ತರ..." ಎಂದ, ನೆಲ ನೋಡುತ್ತ.

"ಈ ಕಾಗದ ತಗೊಂಡು ಕಲಾದಗಿಗೆ ಹೋಗು. ಆಯಿ ಕೈಯಾಗ ಕೊಟ್ಟು, ಆಕಿ ಯಾಕ ಎರಡು ಸಲ ತಿರುಗಿದ್ಲು ಅಂತ ಖರೆ ಹೇಳು. ಹೇಳೋ ಧೈರ್ಯ ಇಲ್ಲಂದ್ರ ಸೀದಾ ಇಳಕಲ್ಲಿಗೆ ಹೋಗು, ಮತ್ತ ಈ ಕಡೆ ಹಾಯಬ್ಯಾಡ."

ಅವನು ಹೋದ. ಶೀಲಾ ಸೋಪು ಹಚ್ಚಿ ಮೂರು ಸಲ ಕೈ ತೊಳೆದರೂ ವಾಸನೆ ಬಿಡಲಿಲ್ಲ. ಏನೋ ಸುಳ್ಳು ಹೇಳಿ ಪಾರಾಗುತ್ತಾನೆ ಬಿಡು, ಎಂದುಕೊಂಡಳು. ಹಾಗಾಗದಿರಲಿ ಎಂದು ಮತ್ತೆ ಮತ್ತೆ ಫೋನಿನ ಕಡೆ ನೋಡುತ್ತಲೇ ಇದ್ದಳು.

ಹೊತ್ತು ಮುಳುಗುವ ಮುನ್ನ ಹನಮವ್ವನ ಫೋನು ಬಂತು.

"ಯವ್ವಾ ಶೀಲಾ, ನೀ ಕಳಿಸಿದಾಂವ ಎಲ್ಲಾ ಬಾಯಿಬಿಟ್ಟ. ಹೊಟ್ಟಿ ತುಂಬ ಬೈದೇನಿ. ತಲಿ ತಗ್ಗಿಸಿ ಬೈಸ್ಕೊಂಡ. ಈಗ ಕಟ್ಟಿ ಮ್ಯಾಲ ಕುಂತಾನ, ನೀರು ಕುಡಿಯಂದ್ರೂ ಒಲ್ಲೆ ಅಂತಾನ. ಇಂಥಾ ಹಲ್ಕಾ ಕೆಲಸ ಮಾಡಿದಾಂವ ನಿನಗ ಏನಾಗಬೇಕವ್ವಾ?"

ಶೀಲಾಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಹೇಸಿಗೆಯೂ ಪೂರ್ತಿ ಹೋಗಿರಲಿಲ್ಲ.

"ಗಂಡ ಆಗಬೇಕು, ಆಯಿ," ಎಂದಳು. "ಇನ್ನೊಂದೀಟು ಬೈದು, ಊಟ ಹಾಕಿ ಕಳಸು."